ಬರ್ಗರ್ ಸಾಸ್‌ಗೆ ಕೊಡಗಿನ ಹುಳಿ

ಹಂದಿಮಾಂಸದ ಪಂದಿ ಕರಿಯ ಮಸಾಲೆಯನ್ನು ಎಷ್ಟು ಕಪ್ಪಾಗುವವರೆಗೆ ಹುರಿಯಬೇಕು, ಅಕ್ಕಿ ಕಡುಬಾದ ಕಡಂಬುಟ್ಟು ಯಾಕೆ ಬಿರಿಯುತ್ತದೆ ಎಂದು ನನ್ನನ್ನು ಕೇಳುವ ಪ್ರಶ್ನೆಗಳ ಸಾಲಿಗೆ ಈಚೆಗೆ ಇನ್ನೊಂದು ಬಂದು ಸೇರಿದೆ. ಬರ್ಗರ್ ಒಳಗೆ ಸವರಿರುತ್ತಾರಲ್ಲ, ಆ ತೆಳು ಕಿತ್ತಳೆ ಬಣ್ಣದ ಸಾಸ್, ಅದನ್ನು ಮನೆಯಲ್ಲಿ ಮಾಡುವುದು ಹೇಗೆ? ಮೈಸೂರು, ಬೆಂಗಳೂರಿನ ಹಾಸ್ಟೆಲ್‌ಗಳಿಂದ ರಜೆಗೆ ಬಂದ ಮಕ್ಕಳ ತಾಯಂದಿರು ಇದನ್ನು ಕೇಳುತ್ತಾರೆ. ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಸಂಜೆಯ ಅಂಗಡಿ ಇಡಲು ಹೊರಟ ಹುಡುಗರು ಕೇಳುತ್ತಾರೆ. ಹೋಂಸ್ಟೇ ನಡೆಸುವವರಂತೂ, "ಅಕ್ಕಾ, ಮಕ್ಕಳಿರುವ ಕುಟುಂಬ ಬಂದರೆ ಬರ್ಗರ್ ಇದೆಯಾ ಅಂತ ಕೇಳಿಯೇ ಕೇಳ್ತಾರೆ. ಬನ್ ಪೇಟೆಯಲ್ಲಿ ಸಿಗುತ್ತೆ, ಪ್ಯಾಟಿ ನಾವೇ ಮಾಡ್ತೇವೆ, ಸಾಸ್ ಒಂದೇ ಹದಕ್ಕೆ ಬರ್ತಿಲ್ಲ" ಎನ್ನುತ್ತಾರೆ.

ಎಲ್ಲರಿಗೂ ನನ್ನ ಉತ್ತರ ಒಂದೇ. ಈ ಸಾಸ್‌ನಲ್ಲಿ ಐದು ಕೆಲಸಗಳು ನಡೆಯಬೇಕು: ಜಿಡ್ಡು, ಹುಳಿ, ಸಿಹಿ, ಘಾಟು, ಬಣ್ಣ. ಯಾವ ಪದಾರ್ಥ ಯಾವ ಕೆಲಸಕ್ಕೆ ಬಂದಿದೆ ಎಂದು ಗೊತ್ತಾದರೆ ಅಳತೆ ಚೀಟಿ ಕೈಯಲ್ಲಿ ಹಿಡಿದು ಕೂರಬೇಕಾಗಿಲ್ಲ. ಐದರಲ್ಲಿ ಸಾಸ್‌ಗೆ ಜೀವ ಕೊಡುವುದು ಹುಳಿ. ಹುಳಿಯ ವಿಷಯದಲ್ಲಿ ಕೊಡಗಿನ ಅಡುಗೆಮನೆಗೆ ಹೊರಗಿನವರು ಬಂದು ಪಾಠ ಹೇಳಬೇಕಾದದ್ದೇನೂ ಇಲ್ಲ.

ಮೊದಲು ಈ ಸಾಸ್‌ನ ಹುಟ್ಟೂರಿಗೆ ಹೋಗಿ ಬರೋಣ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಯೂನಿಯನ್‌ಟೌನ್ ಎಂಬ ಊರಿನಲ್ಲಿ ಮೆಕ್‌ಡೊನಾಲ್ಡ್ಸ್ ಅಂಗಡಿ ನಡೆಸುತ್ತಿದ್ದ ಜಿಮ್ ಡೆಲಿಗಾಟಿ ಎಂಬಾತ 1967ರಲ್ಲಿ ಎರಡು ಪ್ಯಾಟಿಗಳ ದೊಡ್ಡ ಬರ್ಗರ್ ಒಂದನ್ನು ಮಾರಾಟಕ್ಕಿಟ್ಟ. ಅದೇ ಬಿಗ್ ಮ್ಯಾಕ್. ಮರುವರ್ಷ ಅದು ಅಮೆರಿಕದ ತುಂಬ ಹರಡಿತು. ಅದರೊಳಗಿನ ಸಾಸ್‌ನಲ್ಲಿ ಏನೋ ಗುಟ್ಟಿದೆ ಎಂಬ ಮಾತೂ ಅದರ ಜೊತೆಗೇ ಬೆಳೆಯಿತು. 2012ರಲ್ಲಿ ಕಂಪನಿಯ ಕೆನಡಾ ಶಾಖೆ ಹೊರತಂದ ವಿಡಿಯೊದಲ್ಲಿ ಮುಖ್ಯ ಬಾಣಸಿಗ ಡ್ಯಾನ್ ಕೂಡ್ರೊ, ಅಂಗಡಿಯಲ್ಲಿ ಸಿಗುವ ಸಾಮಾನುಗಳಿಂದಲೇ ಆ ಸಾಸ್ ಮಾಡಿ ತೋರಿಸಿದರು. ಮಯೋನೀಸ್, ಸಿಹಿ ಸೌತೆಯ ಉಪ್ಪಿನಕಾಯಿ, ಹಳದಿ ಸಾಸಿವೆ ಪೇಸ್ಟ್, ವಿನಿಗರ್, ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ, ಬಣ್ಣಕ್ಕೆ ಪ್ಯಾಪ್ರಿಕಾ ಎಂಬ ಸಪ್ಪೆ ಮೆಣಸಿನ ಪುಡಿ. ಇಷ್ಟೇ. ನಮ್ಮಲ್ಲಿ ಬಹುಪಾಲು ಜನ ಊಹಿಸುವ ಟೊಮೆಟೊ ಕೆಚಪ್ ಆ ಪಟ್ಟಿಯಲ್ಲಿ ಇರಲಿಲ್ಲ. ಮಯೋನೀಸ್‌ಗೆ ಕೆಚಪ್ ಕಲಸಿದರೆ ಬಣ್ಣವೇನೋ ಹತ್ತಿರ ಬರುತ್ತದೆ, ರುಚಿ ಮಾತ್ರ ಬರೀ ಸಿಹಿಯಾಗಿ ನಿಂತುಬಿಡುತ್ತದೆ. ಮನೆಯ ಸಾಸ್ ಅಂಗಡಿಯದರಂತೆ ಆಗುತ್ತಿಲ್ಲ ಎನ್ನುವವರು ಮೊದಲು ಕೆಚಪ್ ಬಿಟ್ಟು ನೋಡಲಿ.

ನಮ್ಮ ದೇಶಕ್ಕೆ ಆ ಕಂಪನಿ ಬಂದದ್ದು 1996ರ ಅಕ್ಟೋಬರ್‌ನಲ್ಲಿ, ದೆಹಲಿಯ ವಸಂತ ವಿಹಾರಕ್ಕೆ. ದನದ ಮಾಂಸ, ಹಂದಿಮಾಂಸ ಎರಡನ್ನೂ ಬಿಟ್ಟು, ಬಿಗ್ ಮ್ಯಾಕ್ ಬದಲು ಕುರಿಮಾಂಸದ ಮಹಾರಾಜ ಮ್ಯಾಕ್ ಇಟ್ಟರು, ಮುಂದೆ ಅದು ಕೋಳಿಯದಾಯಿತು. ಮಯೋನೀಸ್ ಕೂಡ ಮೊಟ್ಟೆಯಿಲ್ಲದ್ದಾಯಿತು. ಅಂದರೆ ನಮ್ಮ ಮಕ್ಕಳ ನಾಲಿಗೆಗೆ ಹತ್ತಿರುವ ಬರ್ಗರ್ ರುಚಿ ಅಮೆರಿಕದ ರುಚಿಯಲ್ಲ, ಇಲ್ಲಿಗೆ ಒಗ್ಗಿಸಿಕೊಂಡ ರುಚಿ. ಹೋದೂರಿಗೆ ತಕ್ಕಂತೆ ಕಂಪನಿಯೇ ತನ್ನ ಅಡುಗೆ ಬದಲಿಸಿಕೊಂಡಿರುವಾಗ ಮಡಿಕೇರಿಯ ಮನೆಯೊಂದು ಅದನ್ನು ಮಡಿಕೇರಿಗೆ ಒಗ್ಗಿಸಿಕೊಂಡರೆ ತಪ್ಪೇನು? ತದ್ರೂಪು ಮಾಡಲು ಹೆಣಗುವುದಕ್ಕಿಂತ, ಅದು ಮಾಡುವ ಕೆಲಸವನ್ನು ನಮ್ಮ ಸಾಸ್ ಮಾಡುತ್ತದೆಯೇ ಎಂದು ನೋಡುವುದು ಸರಿಯಾದ ದಾರಿ.

ಆ ಕೆಲಸ ಯಾವುದು? ಬರ್ಗರ್‌ನಲ್ಲಿ ಬನ್ ಒಣ, ಪ್ಯಾಟಿ ಜಿಡ್ಡು, ಎಲೆಕೋಸು ಅಥವಾ ಲೆಟಿಸ್ ಸಪ್ಪೆ. ಈ ಮೂರನ್ನೂ ಒಂದು ತುತ್ತಾಗಿ ಹೊಂದಿಸುವುದು ಸಾಸ್. ಅದರ ಜಿಡ್ಡು ಒಣ ಬನ್ನನ್ನು ಮೃದುಮಾಡುತ್ತದೆ. ತರಕಾರಿಯ ನೀರು ಬನ್ನಿಗೆ ಇಳಿದು ಮುದ್ದೆಯಾಗದಂತೆ ತಡೆಯುವುದೂ ಅದೇ ಜಿಡ್ಡಿನ ಪದರ. ಹುಳಿ ಮಾಂಸದ ಕೊಬ್ಬಿನ ಭಾರವನ್ನು ಕಡಿದು, ಮುಂದಿನ ತುತ್ತಿಗೆ ಬಾಯಿಯನ್ನು ಸಿದ್ಧಮಾಡುತ್ತದೆ. ಸಿಹಿ ಹುಳಿಯ ಚೂಪು ತಗ್ಗಿಸಿದರೆ ಸಾಸಿವೆ, ಬೆಳ್ಳುಳ್ಳಿಯ ಘಾಟು ಮೂಗಿಗೆ ಏರಿ ಪರಿಮಳ ಕೊಡುತ್ತದೆ. ಪಂದಿ ಕರಿಗೆ ಕೊನೆಯಲ್ಲಿ ನಮ್ಮ ಕಪ್ಪು ಹುಳಿ ಕಾಚಂಪುಳಿ ಬಿಡುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಕೊಬ್ಬಿಗೆ ಹುಳಿಯೇ ಜೋಡಿ ಎಂಬುದು ನಮ್ಮ ಕೈಗೆ ಮೊದಲೇ ಗೊತ್ತಿರುವ ಪಾಠ.

ಇನ್ನು ಜಿಡ್ಡಿನ ಭಾಗ, ಅಂದರೆ ಮಯೋನೀಸ್. ಎಣ್ಣೆಯೂ ನೀರೂ ಕೂಡುವುದಿಲ್ಲ. ಸಾರಿನ ಮೇಲೆ ಒಗ್ಗರಣೆ ತೇಲುವುದನ್ನು ದಿನಾ ನೋಡುತ್ತೇವೆ. ಆದರೆ ಎಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು, ಆ ಹನಿಗಳು ಮತ್ತೆ ಒಂದಕ್ಕೊಂದು ಕೂಡಿಕೊಳ್ಳದಂತೆ ಸುತ್ತ ಒಂದು ಪೊರೆ ಕಟ್ಟಿದರೆ ಎರಡೂ ಸೇರಿ ಗಟ್ಟಿ ಕೆನೆಯಾಗುತ್ತವೆ. ಪೊರೆ ಕಟ್ಟುವ ಕೆಲಸವನ್ನು ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಮತ್ತು ಪ್ರೋಟೀನುಗಳು ಮಾಡುತ್ತವೆ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನೂ ಅದನ್ನೇ ಮಾಡುತ್ತದೆ. ಅರೆದ ಸಾಸಿವೆ ಅವಕ್ಕೆ ಬೆಂಬಲವಾಗಿ ನಿಲ್ಲುತ್ತದೆ. ಮಯೋನೀಸ್‌ಗೆ ಸಾಸಿವೆ ಹಾಕುವುದು ರುಚಿಯೊಂದಕ್ಕೇ ಅಲ್ಲ.

ಮೊಟ್ಟೆಯೋ ಹಾಲೋ ಎಂಬ ಪ್ರಶ್ನೆಗೆ ನನ್ನ ನಿಲುವು ಖಡಾಖಂಡಿತ: ಹಸಿ ಮೊಟ್ಟೆ ಬೇಡ. ಮೊಟ್ಟೆಯ ಚಿಪ್ಪಿನ ಮೇಲೋ ಒಳಗೋ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಬೇಯಿಸಿದಾಗ ಅದು ಸಾಯುತ್ತದೆ. ಮಯೋನೀಸ್ ಬೇಯಿಸುವ ಪದಾರ್ಥವಲ್ಲ. ಗಡಿಯಾಚೆಯ ಕೇರಳದಲ್ಲಿ ಊಟ ವಿಷವಾದ ಪ್ರಕರಣಗಳು ಒಂದರ ಹಿಂದೊಂದು ಬಂದಾಗ 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೋನೀಸ್ ನಿಷೇಧಿಸಿ, ಪಾಶ್ಚರೀಕರಿಸಿದ ಮೊಟ್ಟೆಗೆ ಮಾತ್ರ ಅವಕಾಶ ಕೊಟ್ಟರು. ತೆಲಂಗಾಣ 2024ರ ಅಕ್ಟೋಬರ್ 30ರಿಂದ, ತಮಿಳುನಾಡು 2025ರ ಏಪ್ರಿಲ್ 8ರಿಂದ ತಲಾ ಒಂದು ವರ್ಷದ ಮಟ್ಟಿಗೆ ಅದನ್ನು ನಿಷೇಧಿಸಿದವು. ಗಡಿಯ ಮಾಕುಟ್ಟ, ಕುಟ್ಟದ ದಾರಿಯಾಗಿ ಬಂದ ಶವರ್ಮ, ಅಲ್‌ಫಾಮ್ ನಮ್ಮ ಪೇಟೆಗಳಲ್ಲೂ ನೆಲೆಯೂರಿವೆ, ಅವುಗಳ ಜೊತೆ ಬಿಳಿ ಮಯೋನೀಸ್ ಬಟ್ಟಲೂ ಬಂದಿದೆ. ಹಾಗಾಗಿ ಈ ಎಚ್ಚರಿಕೆ ನಮಗೂ ಸೇರಿದ್ದು. "ನಮ್ಮದು ಮನೆ ಕೋಳಿಯ ಮೊಟ್ಟೆ, ಏನೂ ಆಗಲ್ಲ" ಎನ್ನುವ ಹಿರಿಯರಿದ್ದಾರೆ. ಸಾಲ್ಮೊನೆಲ್ಲಾಗೆ ಮನೆ ಕೋಳಿ, ಫಾರಂ ಕೋಳಿ ಎಂಬ ಭೇದವಿಲ್ಲ. ಅತಿಥಿಗಳಿಗೆ, ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಬಡಿಸುವ ಮನೆಯಲ್ಲಿ ಹಾಲಿನ ದಾರಿಯೇ ಕ್ಷೇಮ.

ಹಾಲಿನ ಮಯೋನೀಸ್ ಮಾಡಲು ಕಾಯಿಸಿ ಆರಿಸಿ, ಫ್ರಿಜ್‌ನಲ್ಲಿ ಚೆನ್ನಾಗಿ ತಣಿಸಿದ ಕೆನೆಭರಿತ ಹಾಲು 100 ಮಿಲಿ ಬೇಕು. ಎಣ್ಣೆ ಅದರ ಎರಡರಷ್ಟು, 200 ಮಿಲಿ. ಮಿಕ್ಸಿಯ ಚಟ್ನಿ ಜಾರಿಗೆ ಹಾಲು, ಅರ್ಧ ಟೀ ಚಮಚ ಸಾಸಿವೆ ಪುಡಿ, ಅರ್ಧ ಟೀ ಚಮಚ ಉಪ್ಪು ಹಾಕಿ ಒಂದು ಸುತ್ತು ತಿರುಗಿಸಿ. ಆಮೇಲೆ ಎಣ್ಣೆಯನ್ನು ನಾಲ್ಕೈದು ಕಂತುಗಳಲ್ಲಿ ಬಿಡುತ್ತ, ಪ್ರತಿ ಸಲ ಕೆಲವೇ ಕ್ಷಣ ತಿರುಗಿಸಿ ನಿಲ್ಲಿಸಿ. ಅರ್ಧ ಎಣ್ಣೆ ಮುಗಿಯುವ ಹೊತ್ತಿಗೆ ಜಾರಿನ ಸದ್ದು ಬದಲಾಗುತ್ತದೆ, ತೆಳ್ಳಗಿದ್ದದ್ದು ಬ್ಲೇಡಿಗೆ ಹತ್ತಿಕೊಳ್ಳತೊಡಗುತ್ತದೆ. ಎಣ್ಣೆಯೆಲ್ಲ ಹಿಡಿದ ಮೇಲೆ ಒಂದು ದೊಡ್ಡ ಚಮಚ ಬಿಳಿ ವಿನಿಗರ್ ಬಿಟ್ಟು ಇನ್ನೊಂದು ಸುತ್ತು. ಹುಳಿ ಬಿದ್ದೊಡನೆ ಹಾಲಿನ ಪ್ರೋಟೀನು ಬಿಗಿದು ಕೆನೆ ಇನ್ನಷ್ಟು ಗಟ್ಟಿಯಾಗುತ್ತದೆ. ಕಡ್ಡಿಯಂಥ ಹ್ಯಾಂಡ್ ಬ್ಲೆಂಡರ್ ಇದ್ದವರಿಗೆ ಕೆಲಸ ಇನ್ನೂ ಸುಲಭ: ಉದ್ದನೆಯ ಲೋಟದ ತಳಕ್ಕೆ ಬ್ಲೆಂಡರ್ ಊರಿ, ತಳದಿಂದ ಮೆಲ್ಲಗೆ ಮೇಲಕ್ಕೆ ತಂದರೆ ಮುಗಿಯಿತು.

ಇಲ್ಲಿ ಕೆಡುವುದು ಹೆಚ್ಚಾಗಿ ಬಿಸಿಯಿಂದ. ಮಿಕ್ಸಿ ಬಿಡದೆ ಓಡಿದರೆ ಜಾರು ಕಾದು ಎಣ್ಣೆ ಬೇರ್ಪಡುತ್ತದೆ. ಹಾಗೆ ಒಡೆದದ್ದನ್ನು ಚೆಲ್ಲಬೇಡಿ. ಬೇರೆ ಜಾರಿಗೆ ಎರಡು ಚಮಚ ತಣ್ಣನೆಯ ಹಾಲು ಹಾಕಿ, ಒಡೆದ ಮಿಶ್ರಣವನ್ನೇ ಎಣ್ಣೆಯೆಂದು ಭಾವಿಸಿ ಸ್ವಲ್ಪ ಸ್ವಲ್ಪವಾಗಿ ಬಿಡುತ್ತ ಹೋಗಿ, ಮತ್ತೆ ಕೂಡಿಕೊಳ್ಳುತ್ತದೆ. ಎಣ್ಣೆ ಸೂರ್ಯಕಾಂತಿಯದೋ ಅಕ್ಕಿ ತೌಡಿನದೋ ಆಗಲಿ. ತೆಂಗಿನೆಣ್ಣೆ ಫ್ರಿಜ್‌ನಲ್ಲಿ, ಮಡಿಕೇರಿಯ ಚಳಿಗಾಲದಲ್ಲಂತೂ ಹೊರಗೇ, ಕಲ್ಲಾಗುತ್ತದೆ. ಎಳ್ಳೆಣ್ಣೆಯ ವಾಸನೆ ಬೇರೆಲ್ಲವನ್ನೂ ಮುಚ್ಚಿಬಿಡುತ್ತದೆ. ಅಂಗಡಿಯ ಮೊಟ್ಟೆರಹಿತ ಮಯೋನೀಸ್ ಪ್ಯಾಕೆಟ್ ಬಳಸಿದರೂ ತಪ್ಪಿಲ್ಲ. ಆದರೆ ಅದರಲ್ಲಿ ಸಕ್ಕರೆ, ಹುಳಿ ಮೊದಲೇ ಸೇರಿರುವುದರಿಂದ ಮುಂದಿನ ಅಳತೆಗಳನ್ನು ನಾಲಿಗೆಗೆ ತಾಗಿಸಿ ನೋಡಿಕೊಂಡೇ ಹಾಕಬೇಕು.

ಈಗ ಹುಳಿ. ಕಾಚಂಪುಳಿ ಎಲ್ಲಿಂದ ಬರುತ್ತದೆಂದು ನಮ್ಮಲ್ಲಿ ಹಳಬರಿಗೆ ಗೊತ್ತು, ಬಾಟಲಿಯಲ್ಲಷ್ಟೇ ಅದನ್ನು ಕಂಡ ಹೊಸಬರಿಗಾಗಿ ಎರಡು ಮಾತು. ಇದು ಪಶ್ಚಿಮ ಘಟ್ಟದ ಗಾರ್ಸೀನಿಯಾ ಗಮ್ಮಿ-ಗಟ್ಟಾ ಮರದ ಹಣ್ಣು. ಉತ್ತರ ಕನ್ನಡ, ಮಲೆನಾಡಿನವರು ಉಪ್ಪಾಗೆ ಎನ್ನುವುದು ಇದನ್ನೇ. ಮಳೆಗಾಲದಲ್ಲಿ ಹಳದಿಯಾಗಿ ಮಾಗಿ ಬಿದ್ದ ಹಣ್ಣುಗಳನ್ನು ಆಯ್ದು ಬುಟ್ಟಿಯಲ್ಲಿ ತುಂಬಿಡುತ್ತಾರೆ. ಹಣ್ಣು ಕಳಿತು ಸೋರುವ ರಸವನ್ನು ಕೆಳಗಿನ ಪಾತ್ರೆಯಲ್ಲಿ ಹಿಡಿದು, ಕಪ್ಪು ಪಾಕವಾಗುವವರೆಗೆ ಗಂಟೆಗಟ್ಟಲೆ ಕುದಿಸುತ್ತಾರೆ. ಬುಟ್ಟಿ ತುಂಬ ಹಣ್ಣಿಗೆ ಸಿಗುವುದು ಸ್ವಲ್ಪವೇ, ಆದರೆ ಆ ಸ್ವಲ್ಪ ವರ್ಷಗಟ್ಟಲೆ ಕೆಡದೆ ನಿಲ್ಲುತ್ತದೆ. ಹೊರಗಿನವರು ಇದನ್ನು ಕೂರ್ಗ್ ವಿನಿಗರ್ ಎಂದು ಮಾರುವುದುಂಟು, ಗುಣದಲ್ಲಿ ಮಾತ್ರ ಎರಡೂ ಬೇರೆ. ವಿನಿಗರ್‌ನ ಹುಳಿ ಅಸಿಟಿಕ್ ಆಮ್ಲದ್ದು, ಆವಿಯಾಗಿ ಮೂಗಿಗೆ ಹೊಡೆಯುತ್ತದೆ. ಕಾಚಂಪುಳಿಯಲ್ಲಿ ಹೆಚ್ಚಿರುವುದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಅದು ಆವಿಯಾಗದು, ಮೂಗಿಗೆ ತಟ್ಟದು, ನಾಲಿಗೆಯ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ಕುದಿದ ಹಣ್ಣಿನ ಹೊಗೆಗಂಪೂ ಅದರಲ್ಲಿದೆ.

ಹಾಗಾದರೆ ವಿನಿಗರ್ ಬಿಟ್ಟು ಪೂರ್ತಿ ಕಾಚಂಪುಳಿಯೇ ಹಾಕಬಹುದೇ ಎಂದು ಕೇಳಿದವರಿದ್ದಾರೆ. ಬೇಡ ಎನ್ನಲು ಎರಡು ಕಾರಣಗಳಿವೆ. ಮೊದಲನೆಯದು ಬಣ್ಣ: ಒಂದು ಚಮಚ ಹೆಚ್ಚಾದರೂ ಸಾಸ್ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಎರಡನೆಯದು ಸುರಕ್ಷತೆ. ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುವುದರಲ್ಲಿ ಅಸಿಟಿಕ್ ಆಮ್ಲ ಹಣ್ಣಿನ ಆಮ್ಲಗಳಿಗಿಂತ ಬಲಶಾಲಿ. ಬಾಟಲಿಯ ವಿನಿಗರ್‌ನಲ್ಲಿ ಅದು ಶೇಕಡಾ 4ರ ಆಸುಪಾಸು ಇರುತ್ತದೆಂಬ ಖಾತ್ರಿಯೂ ಇದೆ. ಕಾಚಂಪುಳಿಯ ಗಟ್ಟಿತನವಾದರೋ ಮನೆಯಿಂದ ಮನೆಗೆ ಬೇರೆ. ಆದ್ದರಿಂದ ಮಯೋನೀಸ್‌ನ ಕಾವಲಿಗೆ ವಿನಿಗರ್ ಇರಲಿ, ರುಚಿಗೆ ಕಾಚಂಪುಳಿ. ಒಂದು ಲೋಟ ಮಯೋನೀಸ್‌ಗೆ ಕಾಲು ಟೀ ಚಮಚದಿಂದ ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ. ಅಷ್ಟಕ್ಕೇ ಸಾಸ್‌ನ ರುಚಿಗೆ ಒಂದು ಆಳ ಬರುತ್ತದೆ, ಬಣ್ಣವೂ ಕೆಡುವುದಿಲ್ಲ.

ಸಿಹಿಯ ಭಾಗಕ್ಕೆ ಬರೋಣ. ವಿದೇಶದ ಸಾಸ್‌ನಲ್ಲಿ ಹಲ್ಲಿಗೆ ಸಿಗುವ ಹಸಿರು ಚೂರುಗಳು ಗರ್ಕಿನ್ ಎಂಬ ಪುಟ್ಟ ಸೌತೆಯವು. ನಮ್ಮ ರೈತರು ಮಿಡಿಸೌತೆ ಎನ್ನುವುದು ಇದನ್ನೇ. ಇದನ್ನು ಅಮೆರಿಕ, ಯುರೋಪಿನ ಬೆಳೆ ಎಂದು ತಿಳಿದವರಿಗೆ ಸಂತೋಷದ ಸುದ್ದಿ ಹೇಳಬೇಕು. ಭಾರತದಲ್ಲಿ ರಫ್ತಿಗಾಗಿ ಇದರ ಬೇಸಾಯ ಮೊದಲುಗೊಂಡದ್ದು 1990ರ ದಶಕದಲ್ಲಿ, ನಮ್ಮ ಕರ್ನಾಟಕದಲ್ಲೇ. ಆಮೇಲೆ ಅದು ತಮಿಳುನಾಡು, ಆಂಧ್ರ, ತೆಲಂಗಾಣಕ್ಕೆ ಹಬ್ಬಿತು. ಕೇಂದ್ರ ಸರ್ಕಾರದ ಕೃಷಿ ರಫ್ತು ಸಂಸ್ಥೆ ಅಪೆಡಾ ಕೊಡುವ ಲೆಕ್ಕದಂತೆ 2020-21ರಲ್ಲಿ ದೇಶ ರಫ್ತು ಮಾಡಿದ ಸೌತೆ, ಮಿಡಿಸೌತೆ 2,23,515 ಟನ್. ಜಗತ್ತಿನ ಬೇಡಿಕೆಯಲ್ಲಿ ಸುಮಾರು ಶೇಕಡಾ 15 ಇಲ್ಲಿಂದಲೇ ಹೋಗುತ್ತದೆ. ಒಪ್ಪಂದದ ಮೇಲೆ ಬೆಳೆಯುವವರು ಸುಮಾರು 90,000 ಸಣ್ಣ ಹಿಡುವಳಿದಾರರು. ತುಮಕೂರು, ಹಾಸನದ ಕಡೆ ಹೊಲದಲ್ಲಿ ಕಿತ್ತ ಮಿಡಿ ಉಪ್ಪುನೀರಿನ ಪೀಪಾಯಿ ಸೇರಿ ಹಡಗು ಹತ್ತುತ್ತದೆ. ದೂರದೇಶದ ಬರ್ಗರ್ ಒಳಗಿನ ಉಪ್ಪಿನಕಾಯಿ ಚೂರು ಕನ್ನಡ ನೆಲದ್ದಾಗಿರಬಹುದು. ಆ ಸಾಸ್ ನಮಗೆ ಪರಕೀಯ ಎಂದು ಹಿಂಜರಿಯುವ ಅಗತ್ಯವೇ ಇಲ್ಲ.

ಮಿಡಿಸೌತೆ ಸಂತೆಯಲ್ಲಿ ಸಿಗುವುದು ಅಪರೂಪ, ಎಳೆ ಸೌತೆಕಾಯಿ ಸಾಕು. ಬೀಜ ತೆಗೆದು ಸಣ್ಣದಾಗಿ ಕೊಚ್ಚಿದ್ದು ಒಂದು ಲೋಟ. ಒಂದು ಟೀ ಚಮಚ ಉಪ್ಪು ಬೆರೆಸಿ ಅರ್ಧ ಗಂಟೆ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ನೀರೆಲ್ಲ ಹಿಂಡಿ ತೆಗೆಯಿರಿ. ಈ ಹಿಂಡುವ ಕೆಲಸದಲ್ಲಿ ಅವಸರ ಮಾಡಿದರೆ ಸಾಸ್ ಮರುದಿನ ನೀರು ಬಿಡುತ್ತದೆ. ಕಾಲು ಲೋಟ ವಿನಿಗರ್, ಮೂರು ದೊಡ್ಡ ಚಮಚ ಸಕ್ಕರೆ, ಚಿಟಿಕೆ ಅರಿಶಿನ ಕುದಿಸಿ ಅದರಲ್ಲಿ ಸೌತೆ ಹಾಕಿ, ರಸ ಇಂಗಿ ಅಂಟಂಟಾಗುವವರೆಗೆ ಬಾಡಿಸಿ. ತಣ್ಣಗಾದ ಮೇಲೆ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ. ಕಾಡುಮಾವಿನ ಕಾಲದಲ್ಲಿ ಸೌತೆಯ ಜೊತೆ ಒಂದಿಷ್ಟು ಕಾಡುಮಾವಿನ ತಿರುಳು ಸೇರಿಸಿ ನೋಡಿ, ಸಿಹಿಹುಳಿ ಎರಡೂ ಒಂದೇ ಪದಾರ್ಥದಲ್ಲಿ ಬರುತ್ತವೆ.

ಸಾಸಿವೆಯದು ತಿಳಿದು ಮಾಡಬೇಕಾದ ಕೆಲಸ. ಇಡೀ ಕಾಳನ್ನು ಬಾಯಿಗೆ ಹಾಕಿಕೊಂಡರೆ ಘಾಟಿಲ್ಲ. ಕಾಳು ಒಡೆದು ನೀರು ತಾಗಿದಾಗ ಅದರೊಳಗಿನ ಒಂದು ಕಿಣ್ವ ಕೆಲಸ ಶುರುಮಾಡಿ ಘಾಟಿನ ಎಣ್ಣೆಯನ್ನು ಹುಟ್ಟಿಸುತ್ತದೆ. ಬಿಸಿನೀರು ಹಾಕಿದರೆ ಕಿಣ್ವ ಸತ್ತು ಕಹಿಯಷ್ಟೇ ಉಳಿಯುತ್ತದೆ. ಶುರುವಿನಲ್ಲೇ ವಿನಿಗರ್ ಹಾಕಿದರೆ ಕಿಣ್ವ ಕುಗ್ಗಿ ಘಾಟು ಮೇಲೇಳುವುದೇ ಇಲ್ಲ. ಅದಕ್ಕೆ ಎರಡು ದೊಡ್ಡ ಚಮಚ ಸಾಸಿವೆ ಪುಡಿಯನ್ನು ಅಷ್ಟೇ ತಣ್ಣೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಡಿ. ಘಾಟು ಎದ್ದ ಮೇಲೆ ಒಂದು ದೊಡ್ಡ ಚಮಚ ವಿನಿಗರ್, ಉಪ್ಪು, ಚೂರು ಸಕ್ಕರೆ, ಅರಿಶಿನ ಸೇರಿಸಿ. ಆಗ ಘಾಟು ಅಲ್ಲಿಗೇ ನಿಲ್ಲುತ್ತದೆ. ಹೊಸದರಲ್ಲಿ ಕಹಿ ಇರುತ್ತದೆ, ಒಂದೆರಡು ದಿನ ಕಳೆದರೆ ಇಳಿಯುತ್ತದೆ. ಅಮೆರಿಕದವರು ಬಳಸುವುದು ಸೌಮ್ಯ ಸ್ವಭಾವದ ಬಿಳಿ ಸಾಸಿವೆ. ನಮ್ಮ ಒಗ್ಗರಣೆಯ ಕಪ್ಪು ಸಾಸಿವೆ ಅದಕ್ಕಿಂತ ಜೋರು, ಹಾಗಾಗಿ ಪೇಸ್ಟನ್ನು ಅರ್ಧ ಅಳತೆಯಲ್ಲೇ ಹಾಕಿ.

ಬಣ್ಣಕ್ಕೆ ಪ್ಯಾಪ್ರಿಕಾ ಹುಡುಕಿಕೊಂಡು ಹೋಗುವ ಅಗತ್ಯ ಕರ್ನಾಟಕದವರಿಗಿಲ್ಲ. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಗುಣ ನಮ್ಮ ಬ್ಯಾಡಗಿ ಮೆಣಸಿನಕಾಯಿಗಿದೆ. ಹಾವೇರಿ ಜಿಲ್ಲೆಯ ಈ ಬೆಳೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಬಣ್ಣದ ಸತ್ವವನ್ನು ತೆಗೆದು ಆಹಾರ ಉದ್ಯಮಕ್ಕೆ ಒದಗಿಸುವ ಕಾರ್ಖಾನೆಗಳೂ ಇವೆ. ಬೀಜ ಉದುರಿಸಿ, ಬೆಚ್ಚಗೆ ಮಾಡಿ, ನುಣ್ಣಗೆ ಪುಡಿಮಾಡಿ. ಈ ಕೆಂಪು ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಪುಡಿಯನ್ನು ನೇರ ಮಯೋನೀಸ್‌ಗೆ ಉದುರಿಸಿದರೆ ಚುಕ್ಕೆ ಚುಕ್ಕೆಯಾಗಿ ಉಳಿಯುತ್ತದೆ. ಎರಡು ಟೀ ಚಮಚ ಎಣ್ಣೆ ಬೆಚ್ಚಗೆ ಮಾಡಿ, ಒಲೆಯಿಂದ ಇಳಿಸಿ, ಪುಡಿ ಹಾಕಿ ತಣಿಯಲು ಬಿಡಿ. ಎಣ್ಣೆ ಕೆಂಪಾದ ಮೇಲೆ ಬೆರೆಸಿದರೆ ಸಾಸ್ ಉದ್ದಕ್ಕೂ ಒಂದೇ ಬಣ್ಣ ಬರುತ್ತದೆ.

ಈರುಳ್ಳಿ, ಬೆಳ್ಳುಳ್ಳಿಯನ್ನು ಹಸಿಯಾಗಿ ಕೊಚ್ಚಿ ಹಾಕುವುದು ಸಾಮಾನ್ಯವಾಗಿ ಕಾಣುವ ಅಭ್ಯಾಸ. ಈರುಳ್ಳಿ ನೀರು ಬಿಟ್ಟು ಸಾಸನ್ನು ತೆಳ್ಳಗೆ ಮಾಡುತ್ತದೆ, ರಾತ್ರಿ ಕಳೆದರೆ ಅದರ ವಾಸನೆಯೇ ಮೇಲಾಗುತ್ತದೆ. ಎಣ್ಣೆಯಲ್ಲಿ ಮುಳುಗಿದ ಹಸಿ ಬೆಳ್ಳುಳ್ಳಿಯನ್ನು ದಿನಗಟ್ಟಲೆ ಇಡುವುದು ಅಪಾಯ ಕೂಡ, ಗಾಳಿಯಿಲ್ಲದೆಡೆ ಬೆಳೆಯುವ ವಿಷಕಾರಿ ಬ್ಯಾಕ್ಟೀರಿಯಾಕ್ಕೆ ಅಲ್ಲಿ ಜಾಗ ಸಿಗುತ್ತದೆ. ಒಣ ಪುಡಿಯೇ ಒಳ್ಳೆಯದು. ಕೊಡಗಿನ ಮಳೆಗಾಲದಲ್ಲಿ ಬಿಸಿಲಿಗೆ ಒಣಗಿಸುವ ಮಾತೇ ಇಲ್ಲದಿರುವುದರಿಂದ, ತೆಳ್ಳಗೆ ಹೆಚ್ಚಿದ ಈರುಳ್ಳಿಯನ್ನು ದಪ್ಪ ತಳದ ಕಾವಲಿಯಲ್ಲಿ ಸಣ್ಣ ಉರಿಯ ಮೇಲೆ, ಎಣ್ಣೆಯಿಲ್ಲದೆ, ಗರಿಗರಿಯಾಗುವವರೆಗೆ ಒಣಗಿಸಿ ಪುಡಿಮಾಡಿ. ಬೆಳ್ಳುಳ್ಳಿಗೂ ಅದೇ ದಾರಿ. ಪೇಟೆಯಲ್ಲಿ ಸಿಗುವ ಪುಡಿಯೂ ನಡೆಯುತ್ತದೆ.

ಈಗ ಎಲ್ಲವನ್ನೂ ಕೂಡಿಸುವ ಹೊತ್ತು. ಒಂದು ಲೋಟ, ಅಂದರೆ ಸುಮಾರು 200 ಗ್ರಾಂ ಮಯೋನೀಸ್‌ಗೆ ಮೂರು ದೊಡ್ಡ ಚಮಚ ಸೌತೆ ಉಪ್ಪಿನಕಾಯಿ, ಎರಡು ಟೀ ಚಮಚ ಸಾಸಿವೆ ಪೇಸ್ಟ್ (ಕಪ್ಪು ಸಾಸಿವೆಯದಾದರೆ ಒಂದು), ಒಂದು ಟೀ ಚಮಚ ಬ್ಯಾಡಗಿ ಪುಡಿ ನೆನೆದ ಎಣ್ಣೆ, ಒಂದು ಟೀ ಚಮಚ ಈರುಳ್ಳಿ ಪುಡಿ, ಅರ್ಧ ಟೀ ಚಮಚ ಬೆಳ್ಳುಳ್ಳಿ ಪುಡಿ, ಮೇಲೆ ಹೇಳಿದ ಕಾಚಂಪುಳಿ. ಉಪ್ಪು, ಸಕ್ಕರೆ ಕೊನೆಗೆ, ರುಚಿ ನೋಡಿಕೊಂಡು. ಮಿಕ್ಸಿ ಬೇಡ, ಚಮಚದಲ್ಲಿ ಕಲಸಿ, ಸೌತೆಯ ಚೂರು ಚೂರಾಗಿಯೇ ಇರಲಿ. ಕಲಸಿದ ತಕ್ಷಣ ರುಚಿ ನೋಡಿ ತೀರ್ಮಾನಕ್ಕೆ ಬರಬೇಡಿ. ಒಣ ಪುಡಿಗಳು ನೀರು ಹೀರಿ ಪರಿಮಳ ಬಿಡಲು ಕೆಲವು ಗಂಟೆ ಬೇಕು. ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟರೆ ಬೇರೆ ಬೇರೆಯಾಗಿ ಕೇಳಿಸುತ್ತಿದ್ದ ರುಚಿಗಳು ಒಂದಾಗುತ್ತವೆ. ಹತ್ತು ಬರ್ಗರ್‌ಗಳಿಗೆ ಇಷ್ಟು ಧಾರಾಳ.

ಇದು ತಳಹದಿ. ಇದರ ಮೇಲೆ ಕೊಡಗಿನ ಕೈ ಆಡಲಿ. ತೋಟದ ಕರಿಮೆಣಸನ್ನು ತರಿಯಾಗಿ ಕುಟ್ಟಿ ಅರ್ಧ ಟೀ ಚಮಚ ಹಾಕಿದರೆ ಕೋಳಿ ಪ್ಯಾಟಿಗೆ ಸೊಗಸು. ಖಾರ ಬೇಕೆನ್ನುವವರು ಒಂದೆರಡು ಪರಂಗಿಮಾಲು ಮೆಣಸನ್ನು ವಿನಿಗರ್‌ನಲ್ಲಿ ಒಂದು ಕುದಿ ಕುದಿಸಿ, ಜಜ್ಜಿ ಸೇರಿಸಲಿ. ಆ ಮೆಣಸಿನ ಪರಿಮಳಕ್ಕೆ ಸಾಟಿಯಿಲ್ಲ, ಆದರೆ ಮಕ್ಕಳಿಗೆ ಬೇರೆ ಬಟ್ಟಲು ಎತ್ತಿಟ್ಟ ಮೇಲೆ. ಕೊಚ್ಚಿದ ಹಂದಿಮಾಂಸಕ್ಕೆ ಹುರಿದ ಪಂದಿ ಮಸಾಲೆ ಬೆರೆಸಿ, ಪ್ಯಾಟಿ ತಟ್ಟಿ, ಒಳಗೂ ಪೂರ್ತಿ ಬೇಯುವಂತೆ ಕಾಯಿಸಿ ಈ ಸಾಸ್ ಹಚ್ಚಿದಾಗ ಕಾಚಂಪುಳಿ ತನ್ನ ಹಳೆಯ ಜೋಡಿಯನ್ನು ಸೇರುತ್ತದೆ; ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮಿಗಿಲು. ಮಾಂಸ ಬೇಡದವರಿಗೆ ಬೇಯಿಸಿದ ಎಳೆ ಹಲಸಿನಕಾಯಿ ಪ್ಯಾಟಿ ಚೆನ್ನಾಗಿ ಒಪ್ಪುತ್ತದೆ. ಬನ್ನನ್ನು ಒಳಮೈ ಕೆಂಪಾಗುವಷ್ಟು ಕಾವಲಿಯಲ್ಲಿ ಕಾಯಿಸಿಯೇ ಸಾಸ್ ಸವರಿ.

ಇಟ್ಟುಕೊಳ್ಳುವ ವಿಚಾರ ಅಡುಗೆಯಷ್ಟೇ ಮುಖ್ಯ. ಹಾಲಿನ ಸಾಸ್ ಫ್ರಿಜ್‌ನಲ್ಲಿ ಮೂರು ದಿನಕ್ಕೆ ಸೀಮಿತ. ಅಂಗಡಿಯ ಬಾಟಲಿ ತಿಂಗಳುಗಟ್ಟಲೆ ಉಳಿಯುವುದು ಅವರ ಅಳೆದ ಹುಳಿ, ಸಂರಕ್ಷಕ, ಕಾರ್ಖಾನೆಯ ಶುಚಿಯಿಂದ. ಮನೆಯ ಬಾಟಲಿಯಿಂದ ಅದನ್ನು ಬಯಸಬಾರದು. ಮೇಜಿನ ಮೇಲಿಟ್ಟ ಬಟ್ಟಲು ಎರಡು ಗಂಟೆ ದಾಟಿದರೆ ಉಳಿದದ್ದನ್ನು ಮತ್ತೆ ಬಾಟಲಿಗೆ ಸುರಿಯದೆ ಚೆಲ್ಲಿಬಿಡಿ. ಕಕ್ಕಡ ತಿಂಗಳ ಮಳೆಯಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ನಾಡು ನಮ್ಮದು. ಆ ದಿನಗಳಲ್ಲಿ ಅಂದಿಗೆ ಬೇಕಾದಷ್ಟೇ ಮಾಡಿ, ಕರೆಂಟ್ ಹೋಗಿ ಫ್ರಿಜ್ ಬೆಚ್ಚಗಾಗಿದ್ದರೆ ಸಾಸ್ ಮೇಲೆ ಆಸೆ ಇಡಬೇಡಿ. ಬಾಟಲಿಯ ಮೇಲೆ ಮಾಡಿದ ತಾರೀಕು ಬರೆದು ಅಂಟಿಸುವುದು ಹೋಂಸ್ಟೇಗಳಲ್ಲಿ ಕಡ್ಡಾಯವಾಗಬೇಕು. ಮನೆ ಸಾಸ್ ಆದರೂ ಅದರ ಸುಮಾರು ಅರ್ಧ ಎಣ್ಣೆಯೇ ಎಂಬುದೂ ನೆನಪಿರಲಿ. ಒಂದು ಬರ್ಗರ್‌ಗೆ ಒಂದೂವರೆ ದೊಡ್ಡ ಚಮಚ ಸಾಕು.

ಬರ್ಗರ್ ಬೇಕೆಂದ ಮಕ್ಕಳನ್ನು ಗದರಿಸುವ, ಬರ್ಗರ್ ಕೇಳಿದ ಅತಿಥಿಯ ಬಗ್ಗೆ ಬೇಸರಪಡುವ ಮಾತುಗಳನ್ನು ನಾನು ಕೇಳುತ್ತಿರುತ್ತೇನೆ. ಆ ಬೇಸರ ನನಗೆ ಒಪ್ಪಿಗೆಯಿಲ್ಲ. ಪರಂಗಿಮಾಲು ಮೆಣಸಿನ ಕುಲವೇ ಅಮೆರಿಕ ಖಂಡದಿಂದ ಬಂದದ್ದು, ನಾವು ಅದನ್ನು ತೋಟದ ಬದಿಯಲ್ಲಿ ಬೆಳೆಸಿ ನಮ್ಮದು ಮಾಡಿಕೊಂಡೆವು. ಬರ್ಗರ್‌ಗೂ ಅಂಥದೇ ಜಾಗ ಕೊಡಬಹುದು. ನನ್ನ ಕಾಳಜಿ ಇರುವುದು ಬೇರೆಡೆ. ಕಾಚಂಪುಳಿಯನ್ನು ಪಂದಿ ಕರಿಗೆ ಮಾತ್ರ ಮೀಸಲಿಟ್ಟರೆ, ಆ ಕರಿ ಮಾಡುವ ಕೈಗಳು ಕಡಿಮೆಯಾದಂತೆಲ್ಲ ಮಳೆಯಲ್ಲಿ ಹಣ್ಣು ಆಯುವವರು, ಒಲೆಯ ಮುಂದೆ ಗಂಟೆಗಟ್ಟಲೆ ಕುಳಿತು ರಸ ಕುದಿಸುವವರು ಕಡಿಮೆಯಾಗುತ್ತಾರೆ. ಹೊಸ ತಿಂಡಿಯಲ್ಲೂ ಅದಕ್ಕೆ ಕೆಲಸ ಕೊಟ್ಟರೆ ಹದಿನಾರರ ಹುಡುಗಿಗೂ ಆ ಹುಳಿ ತನ್ನದೆನಿಸುತ್ತದೆ. ಹೋಂಸ್ಟೇ ನಡೆಸುವ ಅಕ್ಕಂದಿರಲ್ಲಿ ನನ್ನ ಕೋರಿಕೆ ಇದು: ಪ್ಯಾಕೆಟ್ ಸಾಸ್ ಬೆಂಗಳೂರಿನಲ್ಲೂ ಸಿಗುತ್ತದೆ, ಅದಕ್ಕಾಗಿ ಯಾರೂ ಘಾಟಿ ಹತ್ತಿ ಬರುವುದಿಲ್ಲ. ನಿಮ್ಮ ಮನೆಯ ಸಾಸ್ ನಿಮ್ಮ ಮನೆಯ ಕಾಚಂಪುಳಿಯಲ್ಲೇ ಆಗಲಿ. ಅದು ಯಾವ ಮರದ ಹಣ್ಣು, ಯಾರು ಕುದಿಸಿದ್ದು ಎಂಬುದನ್ನು ಬಡಿಸುವಾಗ ಅತಿಥಿಗೂ ಮಕ್ಕಳಿಗೂ ಹೇಳಿ.